ಹತ್ತೇ ನಿಮಿಷಕ್ಕೆ ಕೈತಪ್ಪಿದ ಉಪನ್ಯಾಸ: ಮುಂದಿನದಕ್ಕೆ ಹೋಗಬೇಕಾ, ಬೇಡ್ವಾ?

ಪ್ರಶ್ನೆ: ಮೇಡಂ, ನಮಸ್ತೆ. ನಾನು ತುಮಕೂರಿನಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ, ಮೂರನೇ ಸೆಮಿಸ್ಟರ್. ಊರು ಕೊರಟಗೆರೆ ತಾಲ್ಲೂಕಿನ ಹಳ್ಳಿ, ದಿನಾ ಬಸ್ಸಿನಲ್ಲಿ ಓಡಾಟ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈ ವರ್ಷ ನಮ್ಮ ವಿಭಾಗದಲ್ಲಿ ಶುದ್ಧ ಗಣಿತದ ಇತ್ತೀಚಿನ ಬೆಳವಣಿಗೆಗಳ ಬಗ್ಗೆ ಉಪನ್ಯಾಸ ಸರಣಿ ಶುರು ಮಾಡಿದ್ದಾರೆ. ತಿಂಗಳಿಗೊಂದು, ಹೊರಗಿನಿಂದ ಬಂದವರು ಮಾತಾಡುತ್ತಾರೆ. ಮೊದಲನೆಯದು ಅವಿಭಾಜ್ಯ ಸಂಖ್ಯೆಗಳ ನಡುವಿನ ಅಂತರದ ಬಗ್ಗೆ ಇತ್ತು. ಹತ್ತು ನಿಮಿಷ ಚೆನ್ನಾಗಿ ಅರ್ಥವಾಯಿತು. ಆಮೇಲೆ ಸ್ಲೈಡ್ ಮೇಲೆ ಸ್ಲೈಡ್ ಓಡಿತು, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅಕ್ಕಪಕ್ಕದವರೆಲ್ಲ ತಲೆ ಆಡಿಸುತ್ತಿದ್ದರು. ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬರುತ್ತದೆ, ಅದಕ್ಕೇ ಬೇಜಾರು ಇನ್ನೂ ಜಾಸ್ತಿ. ಮುಂದಿನ ತಿಂಗಳು ಎಂಟು ಆಯಾಮಗಳಲ್ಲಿ ಗೋಳಗಳನ್ನು ಜೋಡಿಸುವುದರ ಬಗ್ಗೆಯಂತೆ. ಮುಗಿಯುವುದು ಐದೂವರೆಗೆ, ಬಸ್ಸು ತಪ್ಪಿದರೆ ಮನೆಗೆ ಹೋಗುವುದು ಕಷ್ಟ. ಅಪ್ಪ, ‘ಇದರಿಂದ ಕೆಲಸ ಸಿಗುತ್ತಾ? ಸುಮ್ನೆ ಬಿ.ಎಡ್. ಮಾಡು’ ಅನ್ನುತ್ತಾರೆ. ನಾನು ಹೋಗಬೇಕಾ? ಶುದ್ಧ ಗಣಿತ ನನ್ನಂಥವರಿಗೆ ಆಗಿಬರಲ್ವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಉಪನ್ಯಾಸ ಅರ್ಥವಾಗಲಿಲ್ಲ, ಹೋಗಬೇಕಾ ಅನ್ನುವುದು ಒಂದು. ಅರ್ಥವಾಗಲಿಲ್ಲ ಅಂದರೆ ನನಗೆ ಗಣಿತ ಬರಲ್ಲ ಅಂತ ತಾನೇ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಅಲ್ಲ. ಹಾಗಲ್ಲ.

ಎಂ.ಎಸ್ಸಿ. ಮಕ್ಕಳಿಗೆ ಬಹಳ ಕಾಲದಿಂದ ಪಾಠ ಮಾಡುತ್ತಿದ್ದೇನೆ, ಇಂಥ ಸರಣಿಗಳನ್ನು ಏರ್ಪಡಿಸಿಯೂ ಗೊತ್ತು. ಸಂಶೋಧನೆ ಮಾಡುವವರು ಕೊಡುವ ಒಂದು ಗಂಟೆಯ ಉಪನ್ಯಾಸದಲ್ಲಿ ಮೊದಲ ಹದಿನೈದು ಇಪ್ಪತ್ತು ನಿಮಿಷ ಎಲ್ಲರಿಗೂ. ನಡುವಿನ ಭಾಗ ಆ ಶಾಖೆಯ ಪರಿಚಯ ಇರುವವರಿಗೆ. ಕೊನೆಯ ಭಾಗ ಅದೇ ಸಮಸ್ಯೆ ಹಿಡಿದು ಕೂತಿರುವ ಇಬ್ಬರೋ ಮೂವರೋ ಇದ್ದರೆ ಅವರಿಗೆ. ಬೀಜಗಣಿತದಲ್ಲಿ ಪಿಎಚ್.ಡಿ. ಮಾಡಿ ವರ್ಷಗಟ್ಟಲೆ ಪಾಠ ಮಾಡಿದವರೂ ಸಂಖ್ಯಾ ಸಿದ್ಧಾಂತದ ಉಪನ್ಯಾಸದಲ್ಲಿ ಅರ್ಧಕ್ಕೇ ದಾರಿ ತಪ್ಪುತ್ತಾರೆ, ಅದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ಚಹಾ ಹೊತ್ತಿಗೆ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದೇ ‘ನೀವು ಎಲ್ಲಿವರೆಗೆ ಹಿಡಿದಿರಿ?’ ಅಂತ. ತಲೆ ಆಡಿಸುತ್ತಿದ್ದ ನಿಮ್ಮ ಗೆಳೆಯರನ್ನು ನಾಳೆ ಒಮ್ಮೆ ಕೇಳಿ ನೋಡಿ. ಒಂದೇ ಒಂದು ಸ್ಲೈಡಿನಲ್ಲಿ ಏನಿತ್ತು ಅಂತ ವಿವರಿಸಲು ಹೇಳಿ. ಮುಂದೆ ಕೂತವರು ತಲೆ ಆಡಿಸುವುದು ಬಹುಪಾಲು ಮರ್ಯಾದೆಗೆ.

ಹಾಗಾದರೆ ಕೈತಪ್ಪುವುದು ಯಾಕೆ? ನಿಮ್ಮ ಪಠ್ಯವನ್ನೇ ತೆಗೆದು ನೋಡಿ. ಅದರಲ್ಲಿ ಬರುವ ಗಣಿತಜ್ಞ ಗಾಲ್ವಾ ತೀರಿಕೊಂಡಿದ್ದು 1832ರಲ್ಲಿ. ಲೆಬೆಗ್ ತನ್ನ ಸಮಾಕಲನವನ್ನು ಮುಂದಿಟ್ಟಿದ್ದು 1902ರಲ್ಲಿ. ಬನಾಖ್‌ನ ಕೆಲಸ 1920ರ ದಶಕದ್ದು. ಎಂ.ಎಸ್ಸಿ.ಯಲ್ಲಿ ಕಲಿಯುವ ಶುದ್ಧ ಗಣಿತದ ದೊಡ್ಡ ಪಾಲು ಸ್ವಾತಂತ್ರ್ಯಕ್ಕೆ ಮುಂಚಿನದು. ಉಪನ್ಯಾಸದ ವಿಷಯ 2013ರದ್ದು ಅಥವಾ 2016ರದ್ದು. ನಡುವೆ ನಿಮಗೆ ಯಾರೂ ಪಾಠ ಮಾಡದ ಎಂಬತ್ತು ತೊಂಬತ್ತು ವರ್ಷಗಳ ಗಣಿತ ಇದೆ. ಭಾಷಣಕಾರರು ಅದನ್ನು ಹತ್ತು ಸ್ಲೈಡಿನಲ್ಲಿ ದಾಟುತ್ತಾರೆ. ಅದರ ಮೇಲೆ ಬೋರ್ಡ್ ಬಿಟ್ಟು ಸ್ಲೈಡ್ ಬಳಸುವುದರಿಂದ ವೇಗ ಮೂರುಪಟ್ಟು ಆಗುತ್ತದೆ, ಬರೆದುಕೊಳ್ಳಲೂ ಆಗುವುದಿಲ್ಲ. ಇದರಲ್ಲಿ ನಿಮ್ಮ ಬುದ್ಧಿಯ ಮಾತು ಎಲ್ಲಿಂದ ಬಂತು?

ಆ ಮೊದಲ ಉಪನ್ಯಾಸ ಸುಮ್ನೆ ವ್ಯರ್ಥವಾಯಿತು ಅಂತ ನೀವು ಅಂದುಕೊಳ್ಳುವುದು ನನಗೆ ಇಷ್ಟವಿಲ್ಲ, ಆದ್ದರಿಂದ ಅದರಿಂದ ನೀವು ಮನೆಗೆ ತರಬಹುದಾಗಿದ್ದದ್ದು ಏನು ಅಂತ ಇಲ್ಲೇ ಬರೆಯುತ್ತೇನೆ.

ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ, ಇದು ಯೂಕ್ಲಿಡ್ ಕಾಲದಿಂದ ಗೊತ್ತು. ಮೇಲೆ ಹೋದಷ್ಟೂ ಅವು ವಿರಳವಾಗುತ್ತವೆ. 10 ಲಕ್ಷದ ಆಸುಪಾಸಿನಲ್ಲಿ ಸರಾಸರಿ 14 ಸಂಖ್ಯೆಗೆ ಒಂದು ಅವಿಭಾಜ್ಯ ಸಿಗುತ್ತದೆ. ಎರಡು ಅವಿಭಾಜ್ಯಗಳ ನಡುವಿನ ಅಂತರ ಎಷ್ಟು ಬೇಕಾದರೂ ದೊಡ್ಡದಾಗಬಹುದು, ಅದನ್ನು ನೀವೇ ಸಾಧಿಸಬಹುದು: 6! ಅಂದರೆ 1ರಿಂದ 6ರವರೆಗಿನ ಸಂಖ್ಯೆಗಳ ಗುಣಲಬ್ಧ, 720. 722, 723, 724, 725, 726 ಇವು ಕ್ರಮವಾಗಿ 2, 3, 4, 5, 6ರಿಂದ ಭಾಗವಾಗುತ್ತವೆ, ಒಂದೂ ಅವಿಭಾಜ್ಯವಲ್ಲ. 6ರ ಜಾಗದಲ್ಲಿ 100 ಇಟ್ಟರೆ ಸತತವಾಗಿ 99 ಸಂಖ್ಯೆಗಳು ಹೀಗೇ ಸಿಗುತ್ತವೆ. ಇನ್ನು ಚಿಕ್ಕ ಅಂತರದ ಮಾತು. 11 ಮತ್ತು 13, 17 ಮತ್ತು 19, 29 ಮತ್ತು 31. ಎರಡರ ಅಂತರದ ಇಂಥ ಅವಳಿಗಳು ಕೊನೆಯಿಲ್ಲದೆ ಬರುತ್ತಲೇ ಇರುತ್ತವಾ? ಇವತ್ತಿಗೂ ಯಾರಿಗೂ ಗೊತ್ತಿಲ್ಲ. 2013ಕ್ಕೆ ಮುಂಚೆ ಪರಿಸ್ಥಿತಿ ಇನ್ನೂ ಕಷ್ಟದ್ದಿತ್ತು. ಎರಡು ಬಿಡಿ, ಎಷ್ಟೇ ದೊಡ್ಡದಾದರೂ ಸರಿ, ಒಂದು ಮಿತಿ ಹಾಕಿ, ಆ ಮಿತಿಯೊಳಗಿನ ಅಂತರ ಇರುವ ಜೋಡಿಗಳು ಅನಂತವಾಗಿವೆ ಅಂತ ಹೇಳಲೂ ಯಾರ ಕೈಲೂ ಆಗಿರಲಿಲ್ಲ. ಆ ವರ್ಷ ಯಿಟಾಂಗ್ ಜಾಂಗ್ ಎಂಬವರು 7 ಕೋಟಿ ಅನ್ನುವ ಮಿತಿ ಹಾಕಿ ಸಾಧಿಸಿದರು. 2ರ ಮುಂದೆ 7 ಕೋಟಿ ದೊಡ್ಡದು ಅನ್ನಿಸಬಹುದು, ಆದರೆ ಅನಂತದಿಂದ 7 ಕೋಟಿಗೆ ಇಳಿದದ್ದೇ ನಿಜವಾದ ಗೆಲುವು. ಅದೇ ವರ್ಷದ ಕೊನೆಗೆ ಜೇಮ್ಸ್ ಮೇನಾರ್ಡ್ ಬೇರೆಯದೇ ದಾರಿ ಹಿಡಿದು 600ಕ್ಕೆ ಇಳಿಸಿದರು. 2014ರಲ್ಲಿ ಟೆರೆನ್ಸ್ ಟಾವೊ ಮತ್ತು ಹಲವರು ಒಟ್ಟಿಗೆ ಕೂತು 246ಕ್ಕೆ ತಂದರು. ಅಲ್ಲೇ ನಿಂತಿದೆ.

ಯಾಕೆ ನಿಂತಿತು ಅನ್ನುವುದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ನಿಮ್ಮ ಉಪನ್ಯಾಸದ ಕೊನೆಯ ಅರ್ಧ ಗಂಟೆ ಬಹುಶಃ ಇದರ ಸುತ್ತಲೇ ಇತ್ತು. ಹೈಸ್ಕೂಲಿನಲ್ಲಿ ಎರಟೋಸ್ತನೀಸನ ಜರಡಿ ಕಲಿತಿದ್ದೀರಲ್ಲ, ಈ ಕೆಲಸವೂ ಜರಡಿ ವಿಧಾನದ್ದೇ, ಬಹಳ ಸೂಕ್ಷ್ಮವಾದದ್ದು. ಈ ಜರಡಿಗಳಿಗೆ ಒಂದು ಕುರುಡು ಇದೆ: ಒಂದು ಸಂಖ್ಯೆಗೆ ಬೆಸ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳಿವೆಯೋ, ಸಮ ಸಂಖ್ಯೆಯವೋ ಅನ್ನುವುದನ್ನು ಅವು ತಾವಾಗಿ ಗುರುತಿಸಲಾರವು. ಅವಿಭಾಜ್ಯ ಅಂದರೆ ಒಂದೇ ಅಪವರ್ತನ, ಬೆಸ. ಎರಡು ಅವಿಭಾಜ್ಯಗಳ ಗುಣಲಬ್ಧ ಅಂದರೆ ಸಮ. ಜರಡಿಗೆ ಇವೆರಡರ ವ್ಯತ್ಯಾಸ ಕಾಣದಿದ್ದರೆ 2ರವರೆಗೆ ಇಳಿಯುವುದು ಹೇಗೆ? ಹೊಸ ವಿಚಾರ ಬೇಕು, ಅದು ಇನ್ನೂ ಸಿಕ್ಕಿಲ್ಲ. ಇಷ್ಟು ನಿಮಗೆ ಗೊತ್ತಾದರೆ ಆ ಉಪನ್ಯಾಸದ ಸಾರ ಗೊತ್ತಾದ ಹಾಗೆ. ಸಾಧನೆಯ (ಪ್ರೂಫ್) ವಿವರಗಳಿಗೆ ಎರಡು ವರ್ಷದ ಓದು ಬೇಕು, ಅದನ್ನು ಒಂದು ಗಂಟೆಯಲ್ಲಿ ಯಾರೂ ಕೊಡಲಾರರು.

ಈಗ ಮುಂದಿನ ತಿಂಗಳಿನದು. ಎಂಟು ಆಯಾಮ ಅಂದ ತಕ್ಷಣ ಕಣ್ಣಿಗೆ ಕಾಣದ ಯಾವುದೋ ಲೋಕ ಅಂತ ಹೆದರಬೇಡಿ. ಎಂಟು ಸಂಖ್ಯೆಗಳ ಒಂದು ಸಾಲು, ಅಷ್ಟೇ. ಲೀನಿಯರ್ ಆಲ್ಜೀಬ್ರಾದಲ್ಲಿ ದಿನಾ ಬರೆಯುತ್ತೀರಿ. ಸಮಸ್ಯೆ ಹಣ್ಣಿನಂಗಡಿಯವರು ಕಿತ್ತಳೆ ಜೋಡಿಸುವಂಥದ್ದೇ: ಒಂದೇ ಅಳತೆಯ ಗೋಳಗಳನ್ನು ಎಷ್ಟು ಒತ್ತಾಗಿ ಜೋಡಿಸಬಹುದು? ಸಮತಲದಲ್ಲಿ ವೃತ್ತಗಳನ್ನು ಜೋಡಿಸಿದರೆ ಹೆಚ್ಚೆಂದರೆ ಶೇ. 90.69 ಜಾಗ ತುಂಬುತ್ತದೆ. ನಮ್ಮ ಮೂರು ಆಯಾಮದಲ್ಲಿ ಶೇ. 74.05. ಇದನ್ನು 1611ರಲ್ಲಿ ಕೆಪ್ಲರ್ ಊಹಿಸಿದ್ದ, ಥಾಮಸ್ ಹೇಲ್ಸ್ ಕಂಪ್ಯೂಟರ್ ನೆರವಿನಿಂದ ಸಾಧಿಸಿದ್ದು 1998ರಲ್ಲಿ. ಅಷ್ಟುದ್ದದ ಸಾಧನೆಯನ್ನು ಪರಿಶೀಲಿಸಲು ಕೂತವರು ಪೂರ್ತಿ ಖಚಿತ ಅಂತ ಹೇಳಲಾರದೆ ಹೋದರು. ಹೇಲ್ಸ್ ಮತ್ತೆ ಒಂದು ತಂಡ ಕಟ್ಟಿಕೊಂಡು ಪ್ರತಿ ಹೆಜ್ಜೆಯನ್ನೂ ಕಂಪ್ಯೂಟರಿನಿಂದಲೇ ಪರೀಕ್ಷೆ ಮಾಡಿಸಿ 2014ರಲ್ಲಿ ಮುಗಿಸಿದರು. ಹೀಗಿರುವಾಗ ಎಂಟು ಆಯಾಮ ಇನ್ನೂ ಕಷ್ಟ ಇರಬೇಕು ಅಲ್ವಾ? 2016ರಲ್ಲಿ ಉಕ್ರೇನಿನ ಮರೀನಾ ವಿಯಾಜೋವ್ಸ್ಕಾ ಇಪ್ಪತ್ತಮೂರು ಪುಟದಲ್ಲಿ ಮುಗಿಸಿಬಿಟ್ಟರು. 2022ರಲ್ಲಿ ಅವರಿಗೆ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂತು. ಆ ಪದಕ ಪಡೆದ ಮಹಿಳೆಯರಲ್ಲಿ ಅವರು ಎರಡನೆಯವರು, ಮೊದಲನೆಯವರು 2014ರಲ್ಲಿ ಮರಿಯಂ ಮಿರ್ಜಾಖಾನಿ.

ಎಂಟರಲ್ಲಿ ಅಂಥದ್ದೇನಿದೆ? ಅಲ್ಲಿ ಈ-ಎಂಟು (E8) ಅನ್ನುವ ಒಂದು ಅದ್ಭುತ ಜೋಡಣೆ ಇದೆ. ಎಂಟು ಸಂಖ್ಯೆಗಳ ಸಾಲು ತೆಗೆದುಕೊಳ್ಳಿ. ಎಂಟೂ ಪೂರ್ಣಾಂಕ ಆಗಿರಬೇಕು, ಇಲ್ಲವೇ ಎಂಟೂ ಅರ್ಧ, ಒಂದೂವರೆ, ಎರಡೂವರೆ ಇಂಥವೇ ಆಗಿರಬೇಕು, ಋಣ ಚಿಹ್ನೆ ಇದ್ದರೂ ಆಗಬಹುದು. ಎರಡೂ ಬಗೆಯಲ್ಲಿ ಮೊತ್ತ ಸಮಸಂಖ್ಯೆ ಆಗಬೇಕು. ಇಂಥ ಎಲ್ಲ ಬಿಂದುಗಳಲ್ಲೂ ಒಂದೊಂದು ಗೋಳದ ಕೇಂದ್ರ ಇಡಿ. ಈಗ ಬಸ್ಸಿನಲ್ಲಿ ಕೂತು ಒಂದು ಲೆಕ್ಕ ಮಾಡಿ: ಸೊನ್ನೆಯ ಬಿಂದುವಿಗೆ ಅತಿ ಹತ್ತಿರದ ಬಿಂದುಗಳು ಎಷ್ಟು? ಪೂರ್ಣಾಂಕದವುಗಳಲ್ಲಿ ಎರಡು ಜಾಗದಲ್ಲಿ ಒಂದು ಅಥವಾ ಋಣ ಒಂದು, ಉಳಿದದ್ದು ಸೊನ್ನೆ. ಅವು 28 ಗುಣಿಸು 4, ಅಂದರೆ 112. ಅರ್ಧದವುಗಳಲ್ಲಿ ಋಣ ಚಿಹ್ನೆಗಳ ಸಂಖ್ಯೆ ಸಮ ಆಗಬೇಕು, ಅವು 128. ಒಟ್ಟು 240. ಎಲ್ಲವೂ ಎರಡರ ವರ್ಗಮೂಲದಷ್ಟು ದೂರದಲ್ಲಿ. ನಡುವಿನ ಒಂದು ಗೋಳವನ್ನು 240 ಗೋಳಗಳು ಒಟ್ಟಿಗೆ ಮುಟ್ಟುತ್ತವೆ, ಮೂರು ಆಯಾಮದಲ್ಲಿ ಅದು ಬರೀ 12. ಈ ಲೆಕ್ಕವನ್ನು ನಿಮ್ಮ ಕೈಯಾರೆ ಮಾಡಿಕೊಂಡು ಹೋದರೆ ಆವತ್ತು ನಿಮಗೆ ಮೊದಲ ಅರ್ಧ ಗಂಟೆ ಪೂರ್ತಿ ದಕ್ಕುತ್ತದೆ, ಅದು ನನ್ನ ಅನುಭವದ ಮಾತು.

ಉಳಿದ ಅರ್ಧಕ್ಕೆ ಬೇಕಾಗಿರುವುದು ಫಂಕ್ಷನ್ನನ್ನು ಅಲೆಗಳಾಗಿ ಬಿಡಿಸಿ ನೋಡುವ ಫೂರಿಯೆ ಟ್ರಾನ್ಸ್‌ಫಾರ್ಮ್ ಮತ್ತು ಫಂಕ್ಷನ್ನಿಗೂ ಅದಕ್ಕೂ ನಂಟು ಹಾಕುವ ಪ್ವಾಸೋನ್‌ನ ಸಂಕಲನ ಸೂತ್ರ. ಇದಕ್ಕಿಂತ ಒತ್ತಾಗಿ ಜೋಡಿಸಲು ಸಾಧ್ಯವೇ ಇಲ್ಲ ಅಂತ ತೋರಿಸಬೇಕಲ್ಲ, ಅದಕ್ಕೆ ಒಂದು ವಿಶೇಷ ಫಂಕ್ಷನ್ ಸಿಕ್ಕರೆ ಸಾಕು ಅಂತ 2003ರಲ್ಲೇ ಹೆನ್ರಿ ಕೋನ್ ಮತ್ತು ನೋಮ್ ಎಲ್ಕೀಸ್ ತೋರಿಸಿದ್ದರು. 2, 4, 6, 8 ಹೀಗೆ ಇವುಗಳ ವರ್ಗಮೂಲಗಳಷ್ಟು ದೂರದಲ್ಲೆಲ್ಲ ಆ ಫಂಕ್ಷನ್ ಸೊನ್ನೆ ಆಗಬೇಕು, ಅದರ ಫೂರಿಯೆ ಟ್ರಾನ್ಸ್‌ಫಾರ್ಮ್ ಕೂಡ ಅಲ್ಲೆಲ್ಲ ಸೊನ್ನೆ ಆಗಬೇಕು. ಎರಡನ್ನೂ ಒಟ್ಟಿಗೆ ಹಿಡಿತಕ್ಕೆ ತರುವುದು ಹದಿಮೂರು ವರ್ಷ ಯಾರಿಂದಲೂ ಆಗಲಿಲ್ಲ. ವಿಯಾಜೋವ್ಸ್ಕಾ ಅದನ್ನು ಕಟ್ಟಿದ್ದು ವಿಶೇಷ ಸಮ್ಮಿತಿ ಇರುವ ಫಂಕ್ಷನ್ನುಗಳಾದ ಮಾಡ್ಯುಲರ್ ಫಾರ್ಮ್‌ಗಳಿಂದ. ಅದರಲ್ಲಿ ಬರುವ ಮೂರು ಮುಖ್ಯ ಶ್ರೇಣಿಗಳು ರಾಮಾನುಜನ್ 1916ರ ಲೇಖನದಲ್ಲಿ ಪಿ, ಕ್ಯೂ, ಆರ್ ಅಂತ ಕರೆದು ಕೆಲಸ ಮಾಡಿದ್ದ ಶ್ರೇಣಿಗಳೇ. ಹಣ್ಣು ಜೋಡಿಸುವ ಲೆಕ್ಕಕ್ಕೆ ಬೇಕಾದ ಆ ಫಂಕ್ಷನ್ನನ್ನು ಅವುಗಳಿಂದ ಅಲ್ಲಿವರೆಗೆ ಯಾರೂ ಕಟ್ಟಿ ತೋರಿಸಿರಲಿಲ್ಲ. ಈ ಜಾಗದಲ್ಲಿ ವಿವರ ಕೈತಪ್ಪಿದರೆ ತಪ್ಪಲಿ, ಎಲ್ಲಿ ತಪ್ಪಿತು ಅಂತ ಗುರುತು ಹಾಕಿಕೊಳ್ಳಿ, ಸಾಕು.

ನನ್ನಂಥವರಿಗೆ ಆಗಿಬರಲ್ವಾ ಅಂತ ಕೇಳಿದ್ದೀರಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ತೊಂದರೆ ಇರುವುದು ನಿಜ, ಇಲ್ಲ ಅಂತ ನಾನು ಸಮಾಧಾನಕ್ಕೆ ಹೇಳುವುದಿಲ್ಲ. ಆದರೆ ಅದು ಕೇಳುವ ವೇಗದ ತೊಂದರೆ. ಇಂಗ್ಲಿಷ್ ವಾಕ್ಯವನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಮುಂದಿನ ಸ್ಲೈಡ್ ಬಂದಿರುತ್ತದೆ. ಅದಕ್ಕೆ ಔಷಧಿ ಮುಂಚೆಯೇ ಸಾರಾಂಶ ಓದಿಕೊಂಡು, ಅದರಲ್ಲಿನ ನಾಲ್ಕೈದು ಪದಗಳ ವ್ಯಾಖ್ಯೆಯನ್ನು ನಿಮ್ಮ ಮಾತಿನಲ್ಲಿ ಬರೆದುಕೊಂಡು ಹೋಗುವುದು. ಟಿಪ್ಪಣಿ ಕನ್ನಡದಲ್ಲೇ ಬರೆಯಿರಿ. ಚಿಹ್ನೆಗಳು ಹೇಗಿದ್ದರೂ ಎಲ್ಲ ಭಾಷೆಗೂ ಒಂದೇ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಉತ್ತರ ಬರೆದು ಚೆನ್ನಾಗಿ ಪಾಸಾದ ಮಕ್ಕಳು ನನ್ನ ತರಗತಿಯಲ್ಲೇ ಎಷ್ಟೋ ಜನ ಇದ್ದಾರೆ.

ಇನ್ನು ವಯಸ್ಸಿನದು, ಪ್ರತಿಭೆಯದು. ಹುಟ್ಟಾ ಮೇಧಾವಿ ಆಗಿರಬೇಕು, ಇಪ್ಪತ್ತಕ್ಕೇ ಮಿಂಚಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಜಾಂಗ್‌ಗೆ 2013ರಲ್ಲಿ ಐವತ್ತು ದಾಟಿತ್ತು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿಕೊಂಡಿದ್ದರು, ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 2002ರಲ್ಲಿ ಒಂದು ಸಂಖ್ಯೆ ಅವಿಭಾಜ್ಯವೇ ಅಂತ ಬೇಗ ಪತ್ತೆಹಚ್ಚುವ ವಿಧಾನ ಕೊಟ್ಟ ಕಾನ್ಪುರ ಐಐಟಿಯ ಮೂವರಲ್ಲಿ ಮಣೀಂದ್ರ ಅಗ್ರವಾಲ್ ಅಧ್ಯಾಪಕರು, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಆಗಷ್ಟೇ ಬಿ.ಟೆಕ್. ಮುಗಿಸಿದ್ದವರು. 2022ರಲ್ಲಿ ಇಂಗ್ಲೆಂಡಿನ ಡೇವಿಡ್ ಸ್ಮಿತ್ ಕಾಗದ ಕತ್ತರಿಸಿ ಆಡುತ್ತಾ ಹದಿಮೂರು ಬದಿಗಳ ಒಂದು ಹಂಚಿನ ಆಕಾರ ಕಂಡುಹಿಡಿದರು. ಅದನ್ನೇ ಬಳಸಿ ಇಡೀ ನೆಲ ತುಂಬಬಹುದು, ಆದರೆ ವಿನ್ಯಾಸ ಎಂದೂ ಆವರ್ತಿಸುವುದಿಲ್ಲ. ಅವರು ಮುದ್ರಣ ಕೆಲಸದಿಂದ ನಿವೃತ್ತರಾದವರು, ವೃತ್ತಿಯಿಂದ ಗಣಿತಜ್ಞರಲ್ಲ. ಹಾಗಂತ ಓದದೆಯೂ ಆಗುತ್ತದೆ ಅಂತ ಇದರ ಅರ್ಥ ಅಲ್ಲ. ಆಕಾರ ಸಿಕ್ಕಿತು, ಸಾಧನೆಗೆ ಇನ್ನೂ ಮೂವರು ಪಳಗಿದವರು ಜತೆಗೂಡಬೇಕಾಯಿತು.

ನಿಮ್ಮ ಮುಂದೆ ಇರುವ ದಾರಿಗಳ ಮಾತಿಗೆ ಬರೋಣ. ಪೂರ್ತಿ ಬಿಟ್ಟುಬಿಡುವುದೂ ಒಂದು ದಾರಿಯೇ. ಉಪನ್ಯಾಸದಿಂದ ಪರೀಕ್ಷೆಯಲ್ಲಿ ಒಂದು ಅಂಕವೂ ಹೆಚ್ಚು ಬರುವುದಿಲ್ಲ, ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್‌ನಲ್ಲಿ ಇದರ ಪ್ರಶ್ನೆ ಬರುವುದಿಲ್ಲ, ಭಾಗವಹಿಸಿದ ಪ್ರಮಾಣಪತ್ರಕ್ಕೆ ಕೆಲಸದ ಸಂದರ್ಶನದಲ್ಲಿ ಬೆಲೆ ಬಹಳ ಕಡಿಮೆ. ಆ ವಾರ ಇಂಟರ್ನಲ್ಸ್ ಇದ್ದರೆ ಹೋಗಬೇಡಿ, ಮನಸ್ಸಿಗೆ ಹಚ್ಚಿಕೊಳ್ಳಲೂ ಬೇಡಿ. ಆದರೆ ಪೂರ್ತಿ ಬಿಟ್ಟರೆ ನೀವು ಓದುತ್ತಿರುವ ಪಾಠಗಳು ಮುಂದೆ ಎಲ್ಲಿಗೆ ಹೋಗಿ ಸೇರುತ್ತವೆ ಅನ್ನುವುದನ್ನು ನೋಡುವ ಅವಕಾಶ ತಪ್ಪುತ್ತದೆ, ತುಮಕೂರಿನಲ್ಲೇ ಕೂತು ಅದು ಸಿಗುವುದು ಅಪರೂಪ.

ಎಲ್ಲದಕ್ಕೂ ಹೋಗಿ ಎಲ್ಲವನ್ನೂ ಹಿಡಿಯಲು ನೋಡುವುದು ಇನ್ನೊಂದು ತುದಿ. ಅದರಲ್ಲಿ ಸುಸ್ತಾಗುವುದೇ ಜಾಸ್ತಿ. ಯೂಟ್ಯೂಬ್ ವಿಡಿಯೋ ನೋಡಿಕೊಂಡು ಹೋಗುವವರಿದ್ದಾರೆ, ಒಳ್ಳೆಯ ವಿಡಿಯೋಗಳೂ ಇವೆ, ಆದರೆ ಪೆನ್ನು ಹಿಡಿಯದೆ ನೋಡಿದರೆ ಅರ್ಥವಾದ ಭಾವನೆ ಮಾತ್ರ ಉಳಿಯುತ್ತದೆ. ಚಾಟ್‌ಜಿಪಿಟಿಯಂಥವನ್ನು ವ್ಯಾಖ್ಯೆ ಕೇಳಲು ಬಳಸಿ, ಸಾಧನೆ ಕೇಳಿದರೆ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಬರೆದು ಕೊಡುತ್ತದೆ, ಪ್ರತಿ ಸಾಲನ್ನೂ ನೀವೇ ಪರೀಕ್ಷಿಸಬೇಕು.

ನಾನು ಹೇಳುವುದು ನಡುವಿನ ದಾರಿ. ನಿಮಗೆ ಇಷ್ಟವಾದ ವಿಷಯಗಳನ್ನು ಮಾತ್ರ ಆರಿಸಿಕೊಳ್ಳಿ, ಹಿಂದಿನ ದಿನ ಎರಡು ಗಂಟೆ ತಯಾರಿ ಮಾಡಿ. ಮನೆಗೆ ಬರುವಾಗ ಒಂದು ವ್ಯಾಖ್ಯೆ, ಒಂದು ಉದಾಹರಣೆ, ನಿಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೈಯಲ್ಲಿದ್ದರೆ ಆ ದಿನ ಸಾರ್ಥಕ. ಮಾರನೇ ದಿನ ಮೂರು ನಾಲ್ಕು ಜನ ಬೋರ್ಡಿನ ಮುಂದೆ ನಿಂತು ಮೊದಲ ಇಪ್ಪತ್ತು ನಿಮಿಷವನ್ನು ಮತ್ತೆ ಕಟ್ಟಿ ನೋಡಿ. ಅದು ಹರಟೆಯಾಗುವ ಅಪಾಯ ಇದ್ದೇ ಇದೆ, ಆದ್ದರಿಂದ ಒಬ್ಬರು ಹೇಳಬೇಕು, ಉಳಿದವರು ಅಡ್ಡಪ್ರಶ್ನೆ ಕೇಳಬೇಕು.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ, ಅವರು ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ. ಪಿಯು ಕಾಲೇಜಿನ ಉಪನ್ಯಾಸಕರಾಗಲು ಎಂ.ಎಸ್ಸಿ. ಜತೆಗೆ ಬಿ.ಎಡ್. ಕೇಳುತ್ತಾರೆ, ಡಿಗ್ರಿ ಕಾಲೇಜಿಗೆ ನೆಟ್, ಕೆಸೆಟ್ ಅಥವಾ ಪಿಎಚ್.ಡಿ. ಬೇಕು. ಬಿ.ಎಡ್. ಮಾಡುವುದರಿಂದ ಶುದ್ಧ ಗಣಿತದ ಬಾಗಿಲು ಮುಚ್ಚುವುದಿಲ್ಲ. ಸಂಶೋಧನೆಗೆ ಹೋಗುವ ಮನಸ್ಸಿದ್ದರೆ ಸಿಎಸ್‌ಐಆರ್ ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ, ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ಎನ್‌ಬಿಎಚ್‌ಎಂ ಪರೀಕ್ಷೆ ಬರೆದೂ ಶಿಷ್ಯವೇತನ ಪಡೆಯಬಹುದು. ಈ ಅಂಕಿಯನ್ನು ಅಪ್ಪನಿಗೆ ಹೇಳಿ. ಜತೆಗೆ ಅಪಾಯವನ್ನೂ ಹೇಳಿ: ಪಿಎಚ್.ಡಿ.ಗೆ ಐದಾರು ವರ್ಷ ಬೇಕು, ಮುಗಿದ ಮೇಲೂ ಕಾಯಂ ಕೆಲಸ ತಕ್ಷಣ ಸಿಗುತ್ತದೆ ಅಂತಿಲ್ಲ. ಸಂದರ್ಶನಗಳಲ್ಲಿ ಎಂಟು ಆಯಾಮದ ಗೋಳ ಕೇಳುವುದಿಲ್ಲ, 15 ಅಂಶಗಳಿರುವ ಗ್ರೂಪ್ ಯಾಕೆ ಚಕ್ರೀಯವೇ ಆಗಬೇಕು ಅಂತ ಕೇಳುತ್ತಾರೆ. ಆದ್ದರಿಂದ ದಿನದ ಪಾಠ ಮೊದಲು, ಉಪನ್ಯಾಸ ಆಮೇಲೆ. ಬೇಸಿಗೆ ರಜೆಗೆ ಎಂಟಿಟಿಎಸ್ ಅನ್ನುವ ಗಣಿತ ತರಬೇತಿ ಶಿಬಿರಕ್ಕೆ ಅರ್ಜಿ ಹಾಕಲು ಪ್ರಯತ್ನಿಸಿ, 1993ರಿಂದ ನಡೆಯುತ್ತಿದೆ, ಅಲ್ಲಿ ಸ್ಲೈಡ್ ಓಡಿಸುವುದಿಲ್ಲ, ನಿಮ್ಮಿಂದಲೇ ಉತ್ತರ ಹೊರಡಿಸುತ್ತಾರೆ. ರಜೆಯಲ್ಲಿ ಒಂದು ದಿನ ಬೆಂಗಳೂರಿಗೂ ಹೋಗಿ ಬನ್ನಿ. ತುಮಕೂರಿನಿಂದ ರೈಲಿನಲ್ಲಿ ಯಶವಂತಪುರಕ್ಕೆ ಇಳಿದರೆ ಐಐಎಸ್‌ಸಿ ಹತ್ತಿರ, ಅಲ್ಲಿ ಗಣಿತದ ಸೆಮಿನಾರ್‌ಗಳು ನಡೆಯುತ್ತಿರುತ್ತವೆ, ಹೊರಗಿನವರು ಕೂರಬಹುದಾ ಅಂತ ಮುಂಚೆ ಒಂದು ಮೇಲ್ ಹಾಕಿ ಕೇಳಿಕೊಳ್ಳಿ. ಹೆಸರಘಟ್ಟದ ಕಡೆಯ ಸಂಶೋಧನಾ ಸಂಸ್ಥೆ ಐಸಿಟಿಎಸ್‌ನವರು ಎಷ್ಟೋ ಉಪನ್ಯಾಸಗಳನ್ನು ಯೂಟ್ಯೂಬಿಗೂ ಹಾಕುತ್ತಾರೆ.

ಬಸ್ಸಿನ ವಿಷಯಕ್ಕೆ ನಿಮ್ಮೊಬ್ಬರಿಂದ ಪರಿಹಾರ ಆಗುವುದಿಲ್ಲ. ಹಳ್ಳಿಗಳಿಂದ ಓಡಾಡುವ ಐದಾರು ಮಕ್ಕಳು ಸೇರಿ ಮುಖ್ಯಸ್ಥರಿಗೆ ಒಂದು ಪತ್ರ ಕೊಡಿ. ಉಪನ್ಯಾಸವನ್ನು ಎರಡೂವರೆಗೆ ಇಟ್ಟುಕೊಳ್ಳಿ, ಸಾರಾಂಶವನ್ನು ಒಂದು ವಾರ ಮುಂಚೆ ಕೊಡಿ, ಹಿಂದಿನ ದಿನ ನಮ್ಮ ಅಧ್ಯಾಪಕರಿಂದಲೇ ಒಂದು ಗಂಟೆ ಪೂರ್ವಪಾಠ ಮಾಡಿಸಿ ಅಂತ ಕೇಳಿ. ಸರಣಿ ಏರ್ಪಡಿಸುವವರಿಗೆ ಇಂಥ ಪತ್ರ ಬಂದರೆ ಸಂತೋಷವೇ ಆಗುತ್ತದೆ, ಮಕ್ಕಳಿಗೆ ಏನು ಬೇಕು ಅಂತ ಎಷ್ಟೋ ಸಲ ನಮಗೆ ಗೊತ್ತೇ ಆಗುವುದಿಲ್ಲ. ಸಮಯ ಬದಲಾಗದಿದ್ದರೆ ಐದು ಗಂಟೆಗೆ ಎದ್ದು ಹೊರಡಿ, ಅದರಲ್ಲಿ ಯಾವ ಅಗೌರವವೂ ಇಲ್ಲ. ನಿಮ್ಮ ಪ್ರಶ್ನೆಯನ್ನು ಉಪನ್ಯಾಸಕ್ಕೆ ಮುಂಚಿನ ಚಹಾ ಹೊತ್ತಿನಲ್ಲೇ ಭಾಷಣಕಾರರ ಹತ್ತಿರ ಹೋಗಿ ಕೇಳಿಬಿಡಿ. 240ರ ಲೆಕ್ಕ ಮಾಡಿದ ಹಾಳೆ ಕೈಯಲ್ಲಿರಲಿ, 24 ಆಯಾಮದಲ್ಲಿ ಈ ಸಂಖ್ಯೆ ಎಷ್ಟಾಗುತ್ತದೆ, ಅದನ್ನು ಎಣಿಸುವುದು ಹೇಗೆ ಅಂತ ಕೇಳಿ.